‘ಪ್ಯೂರ್’ ಎಂಬ ಮಾತು

ಓದುಗರಲ್ಲಿ ಒಂದು ಸಣ್ಣ ವಿನಂತಿ. ನಾಳೆ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಕಿವಿಗೆ ‘ಪ್ಯೂರ್’ ಎಂಬ ಮಾತು ಎಷ್ಟು ಸಲ ಬೀಳುತ್ತದೆಂಬುದನ್ನು ಎಣಿಸಿ ನೋಡಿರಿ. ಚಳ್ಳಕೆರೆಯ ಪೇಟೆಯಲ್ಲಿ ಎಣ್ಣೆಯ ಡಬ್ಬಿ ಕೊಳ್ಳಲು ನಿಂತರೆ “ಪ್ಯೂರ್ ಶೇಂಗಾ ಎಣ್ಣೆ” ಎನ್ನುತ್ತಾರೆ. ಕಂಬಳಿ ಕೊಳ್ಳಹೋದರೆ “ಪ್ಯೂರ್ ಉಣ್ಣೆ” ಎನ್ನುತ್ತಾರೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ಹಲಗೆಯ ಮೇಲೆ “ಪ್ಯೂರ್ ವೆಜ್” ಎಂದು ಕನ್ನಡ ಅಕ್ಷರಗಳಲ್ಲೇ ಬರೆದಿರುತ್ತದೆ. ಅಲ್ಲಿಂದ ಮೊಳಕಾಲ್ಮೂರಿಗೆ ಹೋದರೆ ಮಗ್ಗದ ಮನೆಯ ಮುಂದೆಯೇ “ಪ್ಯೂರ್ ಸಿಲ್ಕ್, ಪ್ಯೂರ್ ಜರಿ” ಎಂಬ ಸ್ವಾಗತ ನಿಮಗೆ ದೊರೆಯುತ್ತದೆ. ತುಪ್ಪ, ಜೇನು, ಚಿನ್ನ, ಹಾಲು ಎಲ್ಲಕ್ಕೂ ಅದೇ ವಿಶೇಷಣ. ಶಾಲೆಯ ಮೆಟ್ಟಿಲನ್ನು ಹತ್ತದ ವೃದ್ಧೆಯೂ ಈ ಮಾತನ್ನು ಆಡುತ್ತಾಳೆ. ಅದು ಇಂಗ್ಲಿಷಿನದೆಂಬ ಅರಿವು ಆಕೆಗಿಲ್ಲ, ಇರಬೇಕಾದ ಅಗತ್ಯವೂ ಇಲ್ಲ.

ನಮ್ಮ ಭಾಷೆಗೆ ಈ ವಿಷಯದಲ್ಲಿ ಬಡತನವೇನೂ ಇರಲಿಲ್ಲ. ಚಿನ್ನಕ್ಕೆ ಚೊಕ್ಕ ಎಂಬ ಮಾತಿತ್ತು, ರೇಷ್ಮೆಗೆ ಅಪ್ಪಟ, ನೀರಿಗೆ ತಿಳಿ, ಹಾಲಿಗೆ ಗಟ್ಟಿ, ಬಟ್ಟೆಗೆ ಮಡಿ, ಕಾಳಿಗೆ ಹಸನು. ಒಂದೊಂದು ಪದಾರ್ಥಕ್ಕೂ ಅದರದರ ಗುಣವನ್ನು ಹೇಳುವ ಒಂದೊಂದು ಮಾತು. ಹಾಲನ್ನು ಯಾರೂ ಚೊಕ್ಕ ಎನ್ನುತ್ತಿರಲಿಲ್ಲ, ಚಿನ್ನವನ್ನು ಯಾರೂ ಹಸನು ಎನ್ನುತ್ತಿರಲಿಲ್ಲ. ಇಷ್ಟೆಲ್ಲ ಮಾತುಗಳು ಕುಳಿತಿದ್ದ ಜಗಲಿಯ ಮೇಲೆ ಈಗ ಒಂದೇ ಮಾತು ಬಂದು ಕುಳಿತಿದೆ.

ಹೀಗೆಂದ ಮಾತ್ರಕ್ಕೆ ಪರಭಾಷೆಯ ಮಾತು ಬಂದಿತೆಂದು ನಾವು ದೂರುತ್ತಿದ್ದೇವೆಂದು ತಿಳಿಯಬಾರದು. ಮೊಳಕಾಲ್ಮೂರು ತಾಲ್ಲೂಕಿನವರು ಹಾಗೆ ದೂರಲು ಬರುವಂತೆಯೂ ಇಲ್ಲ. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆಗಲ್ಲಿನ ಶಾಸನಗಳಿವೆ; ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅದನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಈ ನೆಲದ ಅತಿ ಪ್ರಾಚೀನ ಬರವಣಿಗೆಗಳಲ್ಲೊಂದರ ಸ್ಥಿತಿಯೇ ಹೀಗಿರುವಾಗ, ಕನ್ನಡದ ಜೊತೆಗೆ ತೆಲುಗನ್ನೂ ಆಡುತ್ತ ಬೆಳೆದ ಈ ಗಡಿಸೀಮೆಯ ಮಂದಿ ಬೆರಕೆಯ ಮಾತಿಗೆ ಅಂಜಬೇಕಾದ್ದಿಲ್ಲ. ನಮ್ಮ ಚಿಂತೆ ಬೇರೆ. ಒಂದು ಮಾತು ಅಂಗಡಿಯಲ್ಲಿದ್ದಾಗ ಏನನ್ನು ಹೇಳುತ್ತದೆ, ಅದೇ ಮಾತು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಾಗ ಏನು ಮಾಡುತ್ತದೆ ಎಂಬುದನ್ನು ಓದುಗರೊಡನೆ ವಿಚಾರಿಸಬೇಕಾಗಿದೆ.

ನಾವು ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ಕಾಲದಲ್ಲಿ ಗುರುಗಳು ಒಂದೊಂದು ಶಬ್ದವನ್ನೂ ಬಿಚ್ಚಿ ತೋರಿಸುತ್ತಿದ್ದರು. ‘ಶುದ್ಧ’ ಎಂಬ ಶಬ್ದದ ಸರದಿ ಬಂದಾಗ ಅವರು ಹೇಳಿದ್ದು ಈಗಲೂ ನೆನಪಿದೆ. ಶುಧ್ ಎಂಬುದು ಧಾತು. ಅದಕ್ಕೆ ಕ್ತ ಪ್ರತ್ಯಯ ಸೇರಿದರೆ ಶುದ್ಧ. ಇದು ಭೂತಕೃದಂತ. ಗತ ಎಂದರೆ ಹೋದದ್ದು, ಕೃತ ಎಂದರೆ ಮಾಡಿದ್ದು, ಪಕ್ವಗೊಂಡ ಅನ್ನವು ಬೆಂದದ್ದು. ಹಾಗೆಯೇ ಶುದ್ಧ ಎಂದರೆ ಶುಚಿಯಾದದ್ದು, ತೊಳೆದು ತೆಗೆದದ್ದು. ಕ್ರಿಯೆ ನಡೆದು ಮುಗಿದ ಮೇಲೆ ಬರುವ ಮಾತು ಇದು. ಅಂದರೆ ಶುದ್ಧವೆಂಬ ಪ್ರತಿಯೊಂದು ವಸ್ತುವಿನ ಹಿಂದೆಯೂ ಒಂದು ಕೊಳೆಯ ಕಾಲವಿದೆ, ಒಂದು ಕೆಲಸವಿದೆ, ಆ ಕೆಲಸವನ್ನು ಮಾಡಿದ ಒಂದು ಜೊತೆ ಕೈಗಳಿವೆ. ಹುಟ್ಟಿನಿಂದಲೇ ಶುದ್ಧ ಎಂಬ ಮಾತನ್ನು ವ್ಯಾಕರಣವು ಒಪ್ಪುವುದು ಕಷ್ಟ.

ಮುಂದೆ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗ ‘ಪ್ಯೂರ್’ ಶಬ್ದದ ಪರಿಚಯವಾಯಿತು. ಲ್ಯಾಟಿನ್ ಭಾಷೆಯ ‘ಪೂರುಸ್’ ಎಂಬ ಶಬ್ದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದಕ್ಕೆ ಮೂರು ನಾಲ್ಕು ಮುಖಗಳು. ಬೆರಕೆಯಿಲ್ಲದ್ದು ಎಂಬುದೊಂದು. ಕೊಳೆಯಿಲ್ಲದ್ದು ಎಂಬುದೊಂದು. ನಿಷ್ಕಳಂಕ ನಡತೆಯದು ಎಂಬುದೊಂದು. ಬರಿಯ, ಕೇವಲ ಎಂಬ ಅರ್ಥ ಇನ್ನೊಂದು. ಅಪ್ಪಟ ಅವಿವೇಕವನ್ನೂ ಇಂಗ್ಲಿಷರು ‘ಪ್ಯೂರ್’ ಎಂದೇ ಕರೆಯುತ್ತಾರೆ, ನಾವು ಶುದ್ಧ ಸುಳ್ಳು, ಶುದ್ಧ ಸೋಮಾರಿ ಎನ್ನುವಂತೆ. ಸುಳ್ಳಿಗೂ ಶುದ್ಧವೆಂಬ ಪದವಿಯನ್ನು ಕೊಡುವುದರಲ್ಲಿ ಎರಡು ಭಾಷೆಗಳೂ ಸಮಾನ ಔದಾರ್ಯ ತೋರಿವೆ. ಪ್ರಯೋಜನವನ್ನು ಲೆಕ್ಕಿಸದೆ ಸತ್ಯವನ್ನಷ್ಟೇ ಅರಸುವ ಗಣಿತಕ್ಕೆ ಶುದ್ಧ ಗಣಿತವೆಂದು ಹೆಸರು. ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿ 1781ರಲ್ಲಿ ಪ್ರಕಟಿಸಿದ ಮಹಾಗ್ರಂಥದ ಹೆಸರಿನಲ್ಲಿಯೇ ಈ ವಿಶೇಷಣವಿದೆ. ಇಂದ್ರಿಯಾನುಭವದ ಬೆರಕೆಯಿಲ್ಲದ ಶುದ್ಧ ಬುದ್ಧಿಯ ವಿಮರ್ಶೆ ಅದು. ಭಕ್ತರು ನಮ್ಮಂಥವರನ್ನು “ಬುದ್ಧೀ” ಎಂದು ಕೂಗುವ ಸೀಮೆಯಿಂದ ಹೋದ ವಿದ್ಯಾರ್ಥಿಗೆ ಆ ಶೀರ್ಷಿಕೆ ನಗೆ ತರಿಸಿದ್ದು ಸಹಜ.

ಆದರೆ ಈ ಶಬ್ದದ ಚರಿತ್ರೆಯಲ್ಲಿ ನಮ್ಮನ್ನು ಬಹುಕಾಲ ಚಿಂತನೆಗೆ ಹಚ್ಚಿದ ಸಂಗತಿ ಬೇರೆಯೇ. ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ‘ಪ್ಯೂರ್’ ಎಂಬುದು ನಾಮಪದವೂ ಆಗಿತ್ತು. ಬೀದಿಗಳಲ್ಲಿ ಬಿದ್ದ ನಾಯಿಯ ಮಲಕ್ಕೆ ಅಲ್ಲಿ ‘ಪ್ಯೂರ್’ ಎನ್ನುತ್ತಿದ್ದರು! ತೊಗಲನ್ನು ಹದಮಾಡುವ ಕಾರ್ಖಾನೆಗಳಲ್ಲಿ ಅದನ್ನು ಉಜ್ಜಿ ತೊಗಲನ್ನು ಶುದ್ಧಿಗೊಳಿಸುತ್ತಿದ್ದರು. ಶುದ್ಧಿ ಮಾಡುವುದಕ್ಕೆ ಬೇಕಾದದ್ದು ಆದ್ದರಿಂದ ಅದಕ್ಕೆ ಆ ಹೆಸರು. ಅದನ್ನು ಆರಿಸಿ ಬುಟ್ಟಿಗೆ ತುಂಬಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಬಡ ಮುದುಕಿಯರ ಬದುಕನ್ನು ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರ ಸುಮಾರಿಗೆ ವಿವರವಾಗಿ ದಾಖಲಿಸಿದ್ದಾನೆ. ಓದುಗರು ಮೂಗು ಮುರಿಯುವ ಮೊದಲು ತಮ್ಮ ಹಣೆಯನ್ನು ಮುಟ್ಟಿ ನೋಡಿಕೊಳ್ಳಲಿ. ವಿಭೂತಿಯು ಸಗಣಿಯಿಂದಲೇ ಬಂದದ್ದಲ್ಲವೇ? ಮಣ್ಣಿನ ನೆಲವನ್ನು ನಮ್ಮ ತಾಯಂದಿರು ಸಾರಿಸುತ್ತಿದ್ದುದು ಯಾವುದರಿಂದ? ಕೊಳೆಯೆಂದು ಕರೆಸಿಕೊಳ್ಳುವುದೇ ಕೊಳೆಯನ್ನು ಕಳೆಯುವ ಸಾಧನವೂ ಆಗಬಲ್ಲುದು. ಶುದ್ಧಿಯೆಂಬುದು ವಸ್ತುವಿನ ಜಾತಕದಲ್ಲಿ ಬರೆದಿರುವುದಿಲ್ಲ, ಅದು ಮಾಡುವ ಕೆಲಸದಲ್ಲಿರುತ್ತದೆ.

ಈಗ ಚಳ್ಳಕೆರೆಯ ಎಣ್ಣೆಗೆ ಬರೋಣ. ಎಣ್ಣೆ ನಗರಿಯೆಂದು ಈ ಊರಿಗೆ ಹೆಸರು. ಸುತ್ತಲಿನ ಮಳೆಯಾಶ್ರಿತ ಕೆಂಪು ನೆಲದಲ್ಲಿ ಬೆಳೆದ ಶೇಂಗಾ ಇಲ್ಲಿಯ ಗಿರಣಿಗಳಿಗೆ ಬಂದು ಎಣ್ಣೆಯಾಗಿ ದೂರದ ಊರುಗಳಿಗೆ ಹೋಗುತ್ತಿತ್ತು. ಈಗ ಹಲವು ಗಿರಣಿಗಳು ನಿಂತಿದ್ದರೂ ಹೆಸರು ಉಳಿದಿದೆ. ಪೂರ್ವಾಶ್ರಮದ ನಮ್ಮ ಮನೆಯಲ್ಲಿ ಶೇಂಗಾ ಸುಲಿಯುವ ದಿನಗಳಲ್ಲಿ ಮಕ್ಕಳಿಗೆಲ್ಲ ಒಂದೇ ಕೆಲಸ: ಬೀಜದ ರಾಶಿಯಿಂದ ಮುರುಟಿದ್ದು, ಬೂಸರು ಹಿಡಿದದ್ದು, ಕಹಿಯಾದದ್ದನ್ನು ಬೇರ್ಪಡಿಸುವುದು. ಬೂಸಲು ಬೀಜವನ್ನು ಏಕೆ ತೆಗೆಯಬೇಕೆಂದು ಕೇಳಿದರೆ ಹಿರಿಯರು “ಎಣ್ಣೆ ಕೆಡುತ್ತದೆ” ಎಂದಿಷ್ಟೇ ಹೇಳುತ್ತಿದ್ದರು. ಆ ಬೂಸರಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆಂದೂ, 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಅದು ಜಗತ್ತಿಗೆ ತಿಳಿದುಬಂದಿತೆಂದೂ ನಮಗೆ ಗೊತ್ತಾದದ್ದು ಬಹಳ ಮುಂದೆ. ಗಾಣದಿಂದ ನೇರವಾಗಿ ಬಂದ ಎಣ್ಣೆಯನ್ನು ‘ಪ್ಯೂರ್’ ಎಂದು ನಂಬಿ ಕೊಳ್ಳುವವರು ಇದನ್ನು ನೆನಪಿಡಬೇಕು. ಬೇರೇನನ್ನೂ ಬೆರೆಸದಿದ್ದರೂ, ಕೆಟ್ಟ ಬೀಜವನ್ನು ಆರಿಸದೆ ಅರೆದಿದ್ದರೆ ಆ ಎಣ್ಣೆ ಶುದ್ಧವಲ್ಲ. ಬೆರಕೆಯಿಲ್ಲದಿರುವುದು ಒಂದು, ಕೆಡುಕಿಲ್ಲದಿರುವುದು ಇನ್ನೊಂದು. ಬಿಸಿಲಿನಲ್ಲಿ ಕುಳಿತು ಬೀಜ ಆರಿಸುವ ಹೆಣ್ಣುಮಕ್ಕಳ ಬೆರಳುಗಳು ಈ ಎರಡನೆಯದನ್ನು ಮಾಡುತ್ತವೆ; ಡಬ್ಬಿಯ ಮೇಲೆ ಆ ಬೆರಳುಗಳ ಹೆಸರು ಇರುವುದಿಲ್ಲ.

ಎಣ್ಣೆಯ ಶುದ್ಧಿಯನ್ನು ಸರ್ಕಾರದ ಪ್ರಯೋಗಶಾಲೆಯಲ್ಲಿ ಹೇಗೆ ನೋಡುತ್ತಾರೆಂಬುದೂ ತಿಳಿಯತಕ್ಕ ವಿಷಯ. ಬೆಲಿಯರ್ ಪರೀಕ್ಷೆ ಎಂಬುದೊಂದಿದೆ. ಎಣ್ಣೆಯನ್ನು ಕ್ಷಾರದೊಡನೆ ಕಾಯಿಸಿ, ಆಮ್ಲ ಸೇರಿಸಿ, ಮೆಲ್ಲಗೆ ತಣಿಸುತ್ತ ಬಂದರೆ ಒಂದು ಉಷ್ಣತೆಯಲ್ಲಿ ಅದು ಮಸುಕಾಗುತ್ತದೆ. ಶೇಂಗಾ ಎಣ್ಣೆಯಾದರೆ 39ರಿಂದ 41 ಡಿಗ್ರಿ ಸೆಂಟಿಗ್ರೇಡಿನ ನಡುವೆ ಮಸುಕಾಗಬೇಕು. ಗಮನಿಸಿರಿ, ಕಾನೂನು ಒಂದೇ ಅಂಕಿಯನ್ನು ಹೇಳಿಲ್ಲ. ಎರಡು ಅಂಕಿಗಳ ನಡುವೆ ಎಡೆ ಬಿಟ್ಟಿದೆ. ಒಂದೊಂದು ಹೊಲದ, ಒಂದೊಂದು ತಳಿಯ ಬೀಜ ಒಂದೊಂದು ಬಗೆ. ಆ ಬಗೆಗಳಿಗೆಲ್ಲ ಶುದ್ಧಿಯೊಳಗೆ ಸ್ಥಳವಿದೆ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಕಾಲ ಮುಗಿದು ಈಗ 2006ರ ಆಹಾರ ಸುರಕ್ಷತೆ ಕಾಯಿದೆ ನಡೆಯುತ್ತಿದೆ. ಇದರಲ್ಲಿ ಎರಡು ಎಣ್ಣೆಗಳನ್ನು ಬೆರೆಸುವುದೇ ಅಪರಾಧವೆಂದಿಲ್ಲ. ಯಾವುದು ಎಷ್ಟು ಬೆರೆತಿದೆ ಎಂದು ಮೊಹರಿನ ಮೇಲೆ ಕಾಣುವಂತೆ ಬರೆದು ಮಾರಬಹುದು. ಬೆರೆಸಿ ಬಚ್ಚಿಟ್ಟರೆ ಶಿಕ್ಷೆ. ಕಾನೂನಿನ ಈ ವಿವೇಕ ನಮಗೆ ಬಹಳ ಹಿಡಿಸಿದೆ. ದೋಷವಿರುವುದು ಬೆರಕೆಯಲ್ಲಲ್ಲ, ಸುಳ್ಳಿನಲ್ಲಿ.

ಮೊಳಕಾಲ್ಮೂರಿನ ರೇಷ್ಮೆಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಅಲ್ಲಿಯ ಕೈಮಗ್ಗದ ಸೀರೆಗೆ 1999ರ ಕಾಯಿದೆಯಂತೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇರೆಡೆ ನೇಯ್ದ ಸೀರೆಗೆ ಆ ಹೆಸರನ್ನು ಹಚ್ಚುವಂತಿಲ್ಲ. ನೇಕಾರರೊಬ್ಬರ ಮನೆಗೆ ಪಾದಪೂಜೆಗೆ ಹೋಗಿದ್ದಾಗ ರೇಷ್ಮೆಯ ಪರೀಕ್ಷೆಯನ್ನು ತೋರಿಸಬೇಕೆಂದು ನಾವೇ ಕೇಳಿದೆವು. ಅವರು ಎರಡು ಎಳೆಗಳನ್ನು ತಂದು ದೀಪಕ್ಕೆ ಹಿಡಿದರು. ಒಂದು ಎಳೆ ಕೂದಲು ಸುಟ್ಟ ವಾಸನೆಯೊಡನೆ ಮುರುಟಿ, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಕರಿಯ ಬೂದಿಯಾಯಿತು. ಇನ್ನೊಂದು ಕರಗಿ ಗಟ್ಟಿ ಮಣಿಯಾಯಿತು. ಮೊದಲನೆಯದು ಹುಳುವಿನ ರೇಷ್ಮೆ, ಎರಡನೆಯದು ಕಾರ್ಖಾನೆಯ ನೂಲು. ಕೊಳ್ಳುವವರ ಅನುಕೂಲಕ್ಕೆಂದು 2004ರಿಂದ ಸಿಲ್ಕ್ ಮಾರ್ಕ್ ಎಂಬ ಮುದ್ರೆಯೂ ಬಂದಿದೆ.

ನಾವು ಕೇಳಿದೆವು: “ಹುಳುವಿನ ಬಾಯಿಂದ ಬಂದ ಎಳೆಯೇ ನೇರವಾಗಿ ಸೀರೆಯಾಗುತ್ತದೆಯೇ?” ಅವರು ನಕ್ಕು, “ಇಲ್ಲ ಬುದ್ಧಿ, ಅದರಲ್ಲಿ ಅಂಟಿರುತ್ತದೆ, ಕುದಿಸಿ ತೆಗೆಯಬೇಕು” ಎಂದರು. ಆ ಅಂಟಿಗೆ ಸೆರಿಸಿನ್ ಎಂದು ಹೆಸರು. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಅದೇ. ಸಾಬೂನಿನ ಬಿಸಿನೀರಿನಲ್ಲಿ ಕುದಿಸಿ ಕಾಲುಭಾಗವನ್ನು ಕಳೆದುಕೊಂಡ ಮೇಲೆಯೇ ರೇಷ್ಮೆಗೆ ಆ ಹೊಳಪೂ ನುಣುಪೂ ಬರುತ್ತವೆ. ಭೂತಕೃದಂತದ ಪಾಠವನ್ನು ಅಂದು ನಾವು ಮತ್ತೊಮ್ಮೆ ಮಗ್ಗದ ಗುಂಡಿಯ ಪಕ್ಕದಲ್ಲಿ ಕುಳಿತು ಕೇಳಿದಂತಾಯಿತು.

ಇನ್ನು ಹುಳುವಿನ ವಿಚಾರ. ನಮ್ಮ ನಾಡಿನಲ್ಲಿ ‘ಪ್ಯೂರ್ ಮೈಸೂರು’ ಎಂಬ ಹೆಸರಿನ ರೇಷ್ಮೆಹುಳುವಿನ ತಳಿಯೇ ಇದೆ. ಅದರ ಬಿತ್ತನೆಗೂಡನ್ನು ಮಾಗಡಿ, ಕುಣಿಗಲ್ಲಿನ ಕಡೆ ಬೆಳೆಯುತ್ತಾರೆ. ಈ ತಳಿ ನಮ್ಮ ಸೆಕೆಯನ್ನೂ ರೋಗವನ್ನೂ ತಾಳಿಕೊಳ್ಳುತ್ತದೆ, ಆದರೆ ಇದರ ಗೂಡು ಚಿಕ್ಕದು, ಎಳೆ ಮೋಟು. ಆದ್ದರಿಂದ ಈ ತಳಿಯ ಹೆಣ್ಣನ್ನು ದ್ವಿತಳಿಯೆಂಬ ಬೇರೆ ಜಾತಿಯ ಗಂಡಿನೊಡನೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ಪಡೆಯುತ್ತಾರೆ. ರೈತರು ವ್ಯಾಪಕವಾಗಿ ಸಾಕುವುದು ಈ ಮಿಶ್ರತಳಿಯನ್ನು. ಅಂದರೆ ಅಂಗಡಿಯಲ್ಲಿ ‘ಪ್ಯೂರ್ ಸಿಲ್ಕ್’ ಎಂದು ನಾವು ಕೊಳ್ಳುವ ಸೀರೆಯ ಎಳೆ ಬಹುಮಟ್ಟಿಗೆ ಅಂತರ್ಜಾತೀಯ ವಿವಾಹದ ಫಲ! ಅದರ ಅಂಚಿನ ‘ಪ್ಯೂರ್ ಜರಿ’ಯಾದರೂ ಏನು? ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಮೂರು ಪದಾರ್ಥಗಳು ಕೂಡಿದರೆ ಶುದ್ಧ ಜರಿ. ಚಿನ್ನದ ಮಾತೂ ಅಷ್ಟೆ. ಇಪ್ಪತ್ತನಾಲ್ಕು ಕ್ಯಾರಟ್ಟಿನ ಬಂಗಾರ ಮೆತ್ತಗೆ. ಗಟ್ಟಿ ಒಡವೆಗೆ ತಾಮ್ರವೋ ಬೆಳ್ಳಿಯೋ ಸೇರಬೇಕು. ಮದುವೆಮನೆಯಲ್ಲಿ ನಾವು ಹೆಮ್ಮೆಯಿಂದ ತೋರಿಸುವ 916ರ ಮುದ್ರೆ ಹೇಳುವುದು ಸಾವಿರದಲ್ಲಿ 84 ಪಾಲು ಚಿನ್ನವಲ್ಲ ಎಂದೇ.

ಈ ಎರಡು ತಾಲ್ಲೂಕುಗಳ ಇನ್ನೆರಡು ಉದಾಹರಣೆಗಳನ್ನು ಹೇಳಿ ಮುಂದೆ ಹೋಗುತ್ತೇವೆ. ಚಳ್ಳಕೆರೆಯ ಸುತ್ತಲಿನ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳೆಂದು ಹೆಸರಾದವು. ಅದರಲ್ಲಿ ಕುದಾಪುರದ ಬಳಿ 1,500 ಎಕರೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಮೃತಮಹಲ್ ದನಗಳನ್ನು ದೇಶದ ಶ್ರೇಷ್ಠ ಶುದ್ಧ ತಳಿಗಳಲ್ಲೊಂದೆಂದು ಎಣಿಸುತ್ತಾರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿದ್ದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ಮಂದೆಯಲ್ಲಿ ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಕೂಡಿದ್ದವು. ಮೂರು ಮಂದೆಗಳು ಕೂಡಿ, ತಲೆಮಾರುಗಟ್ಟಲೆ ಆರೈಕೆ ನಡೆದು, ಇಂದಿನ ಶುದ್ಧ ತಳಿ. ಎರಡನೆಯದು ನೀರು. ಇಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂದು ಮಾನಕವಿದೆ; ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ಆದ್ದರಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕವು ಒಂದು ಕೊಳಾಯಿಯಲ್ಲಿ ಶುದ್ಧ ನೀರನ್ನು ಕೊಡುವಾಗ ಇನ್ನೊಂದು ಕೊಳಾಯಿಯಲ್ಲಿ ಉಪ್ಪು ತುಂಬಿದ ನೀರನ್ನು ಹೊರಕ್ಕೆ ಚೆಲ್ಲುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಕೊಡ ಹಿಡಿದು ನಿಂತವರು ಕೇಳುವುದಿಲ್ಲ. ಇನ್ನು, ಲವಣವೇ ಇಲ್ಲದ ನೂರಕ್ಕೆ ನೂರು ಶುದ್ಧ ನೀರನ್ನು ನಾವು ಬಳಸುವುದು ಬ್ಯಾಟರಿಗೆ. ಬಾಯಾರಿದವನಿಗೆ ಅದು ಸಪ್ಪೆ.

ಇಷ್ಟನ್ನೆಲ್ಲ ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಪದಾರ್ಥಕ್ಕೆ ‘ಪ್ಯೂರ್’ ಎನ್ನುವಾಗ ಮೂರು ಪ್ರಶ್ನೆಗಳಿಗೆ ಉತ್ತರವಿರುತ್ತದೆ. ಯಾವುದನ್ನು ತೆಗೆದಿರಿ? ಯಾರು ತೆಗೆದರು? ಪರೀಕ್ಷೆ ಯಾವುದು? ಎಣ್ಣೆಗೆ ಉಷ್ಣಮಾಪಕವಿದೆ, ರೇಷ್ಮೆಗೆ ದೀಪವಿದೆ, ಚಿನ್ನಕ್ಕೆ ಒರೆಗಲ್ಲಿದೆ, ನೀರಿಗೆ ಮಿಲಿಗ್ರಾಮಿನ ಲೆಕ್ಕವಿದೆ. ಈ ಮೂರು ಪ್ರಶ್ನೆಗಳಿರುವವರೆಗೆ ಆ ಮಾತು ಸಭ್ಯವಾದದ್ದು, ಉಪಕಾರಿಯಾದದ್ದು.

ಆದರೆ ಆ ಮಾತು ಅಂಗಡಿಯಲ್ಲೇ ನಿಂತಿಲ್ಲ. ಕೆಲವು ವರ್ಷಗಳ ಹಿಂದೆ ಎರಡು ಮನೆತನಗಳ ನಡುವೆ ಮದುವೆಯ ಮಾತುಕತೆ ನಡೆದಿತ್ತು. ಎರಡೂ ಮಠದ ಭಕ್ತರ ಮನೆಗಳೇ. ಎರಡೂ ಮನೆಗಳಲ್ಲಿ ಇಷ್ಟಲಿಂಗವುಂಟು, ಪೂಜೆಯುಂಟು, ದಾಸೋಹವುಂಟು. ಹುಡುಗ ಹುಡುಗಿ ಇಬ್ಬರೂ ಓದಿದವರು, ಒಬ್ಬರನ್ನೊಬ್ಬರು ಒಪ್ಪಿದವರು. ಒಂದು ಕಡೆಯ ಹಿರಿಯರು ನಮ್ಮ ಬಳಿಗೆ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಬುದ್ಧಿ, ಅವರು ಪ್ಯೂರ್ ಹೌದೋ ಅಲ್ಲವೋ?” ಅವರ ಹಿರಿಯರು ಎರಡು ಮೂರು ತಲೆಮಾರುಗಳ ಹಿಂದೆ ಯಾವ ಕೆಲಸ ಮಾಡುತ್ತಿದ್ದರು, ಯಾವ ಒಳಪಂಗಡದಿಂದ ಬಂದವರು, ಯಾರೊಡನೆ ಉಂಡವರು ಎಂಬುದು ಆ ಪ್ರಶ್ನೆಯ ಹೂರಣ.

ಅವರು ಕನ್ನಡದಲ್ಲಿ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. “ಅವರು ಹೊಲಸೇ?” ಎಂದು ಕೇಳಲು ಆ ಸಜ್ಜನರ ನಾಲಿಗೆ ಏಳುತ್ತಿರಲಿಲ್ಲ. ‘ಶುದ್ಧ ರಕ್ತ’ ಎಂದು ಹೇಳುವುದಕ್ಕೂ ಮಠದ ಅಂಗಳದಲ್ಲಿ ಅವರು ನಾಚುತ್ತಿದ್ದರು, ಏಕೆಂದರೆ ಶರಣರ ಪುರಾಣವನ್ನು ಕೇಳುತ್ತ ಬೆಳೆದವರು ಅವರು. ಆ ನಾಚಿಕೆಗೆ ಇಂಗ್ಲಿಷ್ ಮಾತು ಒಂದು ಮುಸುಕು ಒದಗಿಸಿತು. ಎಣ್ಣೆಯ ಡಬ್ಬಿಯ ಮೇಲಿನ ಮಾತೇ ಆದ್ದರಿಂದ ಅದು ಬೈಗುಳವೆನಿಸಲಿಲ್ಲ. ನಮ್ಮ ಮೂರು ಪ್ರಶ್ನೆಗಳನ್ನು ನಾವು ಅವರ ಮುಂದಿಟ್ಟೆವು. “ಅವರಲ್ಲಿ ಏನನ್ನು ತೆಗೆದರೆ ನಿಮಗೆ ಶುದ್ಧವೆನಿಸುತ್ತದೆ? ಅದನ್ನು ತೆಗೆಯುವವರಾರು? ಪರೀಕ್ಷೆ ಯಾವುದು, ದೀಪಕ್ಕೆ ಹಿಡಿಯುವಿರಾ?” ಹಿರಿಯರು ತಲೆಬಾಗಿ ಕೇಳಿದರು, ಪಾದ ಮುಟ್ಟಿ ನಮಸ್ಕರಿಸಿ ಹೋದರು. ತಿಂಗಳೊಪ್ಪತ್ತಿನಲ್ಲಿ ಮಾತುಕತೆ ಮುರಿದುಬಿದ್ದ ಸುದ್ದಿ ಬಂದಿತು. ನಮ್ಮ ಮಾತನ್ನು ಕೇಳುವುದು ಒಂದು, ನಡೆಸುವುದು ಇನ್ನೊಂದು ಎಂಬುದು ಹೊಸದೇನಲ್ಲ. ಆ ಹುಡುಗಿ ಈಗಲೂ ಅಮಾವಾಸ್ಯೆಗೊಮ್ಮೆ ಮಠಕ್ಕೆ ಬರುತ್ತಾಳೆ. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಎಲೆ ಎತ್ತಿ, ಯಾರೊಡನೆಯೂ ಹೆಚ್ಚು ಮಾತಾಡದೆ ಹೋಗುತ್ತಾಳೆ. ಅವಳಿಗೆ ಆ ಒಂದು ವಿಶೇಷಣದ ಅರ್ಥವನ್ನು ಯಾವ ನಿಘಂಟೂ ಹೇಳಿಕೊಡಬೇಕಾಗಿಲ್ಲ.

ಭಕ್ತರೇ, ನಾವು ಯಾರ ಪರಂಪರೆಯವರೆಂದು ಹೇಳಿಕೊಳ್ಳುತ್ತೇವೆ? ಕಲ್ಯಾಣದಲ್ಲಿ ಗಾಣ ತಿರುಗಿಸಿದ ಕಣ್ಣಪ್ಪನವರು ಶರಣರು, ಮಗ್ಗದಲ್ಲಿ ಕುಳಿತ ಜೇಡರ ದಾಸಿಮಯ್ಯನವರು ಶರಣರು. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಇವರಿಗಿಂತ ಹತ್ತಿರದ ಬಂಧುಗಳಾರು? ಮಡಿವಾಳ ಮಾಚಯ್ಯನವರ ಕಾಯಕವೇ ಶುದ್ಧಿ. ಊರಿಗೆಲ್ಲ ಮಡಿಯನ್ನು ಒದಗಿಸುವವನ ಕೈಯನ್ನೇ ಮೈಲಿಗೆಯೆಂದು ಕರೆದ ಸಮಾಜಕ್ಕೆ ಉತ್ತರವಾಗಿ ಅವರು ನಿಂತರು. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಪ್ರಸಂಗ ನಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಆ ಸಂಬಂಧವನ್ನು ಸಹಿಸಲಾರದವರು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಅದಕ್ಕೆ ಬಂದ ಶಿಕ್ಷೆಯಲ್ಲಿ ಇಬ್ಬರು ತಂದೆಯರ ಪ್ರಾಣ ಹೋಯಿತು, ಕಲ್ಯಾಣವೇ ಚೆದುರಿತು. ಪ್ರತಿ ವರ್ಷ ಆ ಕಥೆಯನ್ನು ಕೇಳಿ ಕಣ್ಣೀರು ಒರೆಸಿಕೊಂಡು, ಮನೆಗೆ ಹೋಗಿ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದು ನ್ಯಾಯವೇ?

ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ನಮ್ಮ ಆಚಾರದ ಮೂಲಪಾಠ. ಈ ಸೀಮೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಮುಟ್ಟಾದವಳನ್ನೂ ಊರ ಹೊರಗೆ ಇರಿಸುವ ರೂಢಿಯುಂಟು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯಿದೆ ಹಾಗೆ ಹೊರಗಿಡುವುದನ್ನು ಅಪರಾಧವೆಂದು ಎಣಿಸಿದೆ. ಅವರನ್ನು ಮೂಢರೆಂದು ಜರೆಯುವ ಮೊದಲು, ಐದೂ ಸೂತಕಗಳನ್ನು ಕಳೆದುಕೊಂಡೆವೆಂದು ಹೇಳುವ ನಮ್ಮ ಮನೆಗಳ ಅಡುಗೆಕೋಣೆಯಲ್ಲಿ ತಿಂಗಳ ಮೂರು ದಿನ ಏನು ನಡೆಯುತ್ತದೆಂಬುದನ್ನು ನಮ್ಮ ತಾಯಂದಿರನ್ನು ಕೇಳಬೇಕು. ಹಟ್ಟಿಯ ಗುಡಿಸಲು ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

ಹಾಗಾದರೆ ಮನುಷ್ಯನಿಗೆ ಶುದ್ಧಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಖಂಡಿತವಾಗಿ ಬೇಕು. ಅಂತರಂಗ ಶುದ್ಧಿ, ಬಹಿರಂಗ ಶುದ್ಧಿಗಳೆರಡನ್ನೂ ಬಸವಣ್ಣನವರು ನಡತೆಯಲ್ಲಿ ಕಂಡರು. ಕದಿಯದಿರುವುದರಲ್ಲಿ, ಹುಸಿ ನುಡಿಯದಿರುವುದರಲ್ಲಿ, ಇತರರಿಗೆ ಅಸಹ್ಯ ಪಡದಿರುವುದರಲ್ಲಿ ಕಂಡರು. ಈ ಶುದ್ಧಿಗೂ ನಮ್ಮ ಮೂರು ಪ್ರಶ್ನೆಗಳು ಸಲ್ಲುತ್ತವೆ. ಏನನ್ನು ತೆಗೆಯಬೇಕು? ಲೋಭವನ್ನು, ಸುಳ್ಳನ್ನು, ಪರರನ್ನು ಕೀಳಾಗಿ ಕಾಣುವ ಬುದ್ಧಿಯನ್ನು. ಯಾರು ತೆಗೆಯಬೇಕು? ನಾನೇ, ನನ್ನೊಳಗಿನಿಂದ, ಅನ್ಯರ ಮೈಯಿಂದಲ್ಲ. ಪರೀಕ್ಷೆ ಯಾವುದು? ತಕ್ಕಡಿ ಹಿಡಿದಾಗ, ಕೂಲಿ ಕೊಡುವಾಗ, ಮಗನ ಮದುವೆಯ ಮಾತು ಎತ್ತಿದಾಗ ನಾವು ಏನು ಮಾಡುತ್ತೇವೆಂಬುದೇ ಪರೀಕ್ಷೆ. ತೂಕದಲ್ಲಿ ಮೋಸ ಮಾಡಿದ ಎಣ್ಣೆಯ ವ್ಯಾಪಾರಿ ಯಾವ ಕುಲದವನಾದರೇನು, ಅವನ ಎಣ್ಣೆ ಎಷ್ಟು ಡಿಗ್ರಿಗೆ ಮಸುಕಾದರೇನು?

ಎಣ್ಣೆಯನ್ನು ಪರೀಕ್ಷಿಸಿಯೇ ಕೊಳ್ಳಿರಿ, ಸೀರೆಯ ಎಳೆಯನ್ನು ಸುಟ್ಟು ನೋಡಿಯೇ ಬೆಲೆ ಕಟ್ಟಿರಿ, ಒಡವೆಯ ಮುದ್ರೆಯನ್ನು ಓದಿಯೇ ಹಣ ಎಣಿಸಿರಿ. ಅದಕ್ಕೆಲ್ಲ ‘ಪ್ಯೂರ್’ ಎಂಬ ಮಾತನ್ನು ಧಾರಾಳವಾಗಿ ಬಳಸಿರಿ, ನಮ್ಮ ಅಭ್ಯಂತರವಿಲ್ಲ. ಆದರೆ ನಿಮ್ಮ ಮನೆಯ ಬಾಗಿಲಿಗೆ ಸಂಬಂಧ ಬೆಳೆಸಲೆಂದು ಬಂದವರಿಗೆ ಮೊದಲು ಕುಡಿಯಲು ನೀರು ಕೊಡಿರಿ, ಕುಳಿತುಕೊಳ್ಳಲು ಕಂಬಳಿ ಹಾಸಿರಿ, ಹುಡುಗ ಏನು ಕೆಲಸ ಮಾಡುತ್ತಾನೆ, ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಿರಿ. ಆ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದರೆ ಅಲ್ಲಿಯೇ ತಡೆಯಿರಿ. ಅಷ್ಟನ್ನು ತಡೆದ ನಾಲಿಗೆ ಆ ಮಟ್ಟಿಗೆ ಶುದ್ಧವಾಯಿತೆಂದು ವ್ಯಾಕರಣ ಬಲ್ಲವರು ಧೈರ್ಯವಾಗಿ ಹೇಳಬಹುದು. ಎಲ್ಲರಿಗೂ ಶುಭವಾಗಲಿ.